ನೆಲದ ಮೇಲೆ ಮಲಗಿದವರ ಕಂಪನಿ

ಕೋಲಾರದ ಕಡೆ ಹೋಗುವಾಗ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ಸಿಗುತ್ತೆ. ಅದನ್ನು ನೋಡಿದಾಗಲೆಲ್ಲ ನನಗೆ ಇದೇ ಕಂಪನಿ ಅಮೆರಿಕಕ್ಕೆ ಕಾಲಿಟ್ಟ ಕಥೆ ನೆನಪಾಗುತ್ತೆ. "ವಿದೇಶಿ ಕಂಪನಿ ಬಂದು ಜಾಗ ನೋಡಿತು" ಅಂತ ನಾವು ಸುದ್ದಿ ಓದ್ತೀವಲ್ಲ, ಹಾಗೆ ನೋಡೋದಕ್ಕೂ ಬಂದು ನೆಲೆಯೂರೋದಕ್ಕೂ ಎಷ್ಟು ದೂರ ಅನ್ನೋದು ಅದರಲ್ಲಿದೆ.

1959ರಲ್ಲಿ ಹೋಂಡಾ ಲಾಸ್ ಏಂಜಲಿಸ್‌ನಲ್ಲಿ ಕಚೇರಿ ತೆರೆಯಿತು. ಉಸ್ತುವಾರಿ ಕಿಹಾಚಿರೊ ಕವಾಶಿಮಾ ಅವರದ್ದು. ಜಪಾನಿನಲ್ಲಿ ಆಗ ಡಾಲರ್‌ಗೆ ಬರ, ಹೊರಗೆ ಒಯ್ಯುವ ಹಣಕ್ಕೆ ಸರ್ಕಾರದ ಮಿತಿ. ಖರ್ಚು ಉಳಿಸೋಕೆ ಒಂದೇ ಬಾಡಿಗೆ ಮನೆ ಹಂಚಿಕೊಂಡೆವು, ಕೆಲವರು ನೆಲದ ಮೇಲೆ ಮಲಗಿದರು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಅವರು ನಂಬಿದ್ದು ದೊಡ್ಡ ಬೈಕುಗಳನ್ನು. ಅಮೆರಿಕದವರಿಗೆ ಎಲ್ಲವೂ ದೊಡ್ಡದೇ ಬೇಕಲ್ಲ! ಆದರೆ ಅಲ್ಲಿನ ಸವಾರರು ಜಪಾನಿಗರಿಗಿಂತ ಹೆಚ್ಚು ದೂರ, ಹೆಚ್ಚು ವೇಗವಾಗಿ ಓಡಿಸ್ತಿದ್ದರು. ಆಯಿಲ್ ಸೋರಿತು, ಕ್ಲಚ್ ಕೈಕೊಟ್ಟಿತು. ಎಂಜಿನಿಯರಿಂಗ್ ಓದಿದ ನನಗೆ ಇದನ್ನು ಓದುವಾಗಲೇ ಹೊಟ್ಟೆ ಕಲಸಿತು. ಕೆಟ್ಟ ಬೈಕುಗಳನ್ನು ವಿಮಾನದಲ್ಲಿ ಜಪಾನಿಗೆ ಕಳಿಸಿ, ಗ್ಯಾಸ್ಕೆಟ್, ಕ್ಲಚ್ ಸ್ಪ್ರಿಂಗ್ ಬದಲಿಸಿ ಸರಿಮಾಡಬೇಕಾಯ್ತು. ಅಷ್ಟರಲ್ಲಿ ಜನರ ಕಣ್ಣು ಬಿದ್ದದ್ದು ಸಿಬ್ಬಂದಿ ಓಡಾಡಲು ಬಳಸ್ತಿದ್ದ 50 ಸಿಸಿಯ ಪುಟ್ಟ ಸೂಪರ್ ಕಬ್ ಮೇಲೆ. ಕೊನೆಗೆ ಕೈಹಿಡಿದದ್ದೂ ಅದೇ.

ಇಲ್ಲಿಗೇ ಕಥೆ ನಿಲ್ಲಿಸೋರು ಹೆಚ್ಚು. ನನಗೆ ಮುಖ್ಯ ಅನಿಸೋದು ಮುಂದಿನದು. ಇಷ್ಟು ಗೆದ್ದ ಮೇಲೂ ಹೋಂಡಾ ಎರಡು ದಶಕ ಅಲ್ಲಿ ಕಾರ್ಖಾನೆ ಕಟ್ಟಲಿಲ್ಲ. ಹಡಗಿನಲ್ಲಿ ತಂದು ಮಾರಿತು. ವ್ಯಾಪಾರ ಕುಸಿದರೆ ಬೀಗ ಹಾಕಿ ಹೊರಡಬಹುದಿತ್ತು. ಕಾರ್ಖಾನೆ ಕಟ್ಟಿದ ಮೇಲೆ ಹಾಗೆ ಎದ್ದು ಹೋಗೋಕಾಗಲ್ಲ.

1979ರಲ್ಲಿ ಓಹಾಯೋದ ಮೇರಿಸ್‌ವಿಲ್ ಬಳಿ 64 ಜನರೊಂದಿಗೆ ಬೈಕ್ ತಯಾರಿಕೆ ಶುರುವಾಯ್ತು. ಅಮೆರಿಕದ ಕೆಲಸಗಾರರ ಕೈಯಲ್ಲಿ ಜಪಾನಿನ ಗುಣಮಟ್ಟ ಬರುತ್ತಾ? ಆ ಅನುಮಾನವನ್ನು ಬೈಕಿನಲ್ಲಿ ತೀರಿಸಿಕೊಂಡರೆ ಕಾರಿಗಿಂತ ನಷ್ಟ ಕಡಿಮೆ. ಮರುವರ್ಷವೇ ಪಕ್ಕದಲ್ಲಿ ಕಾರು ಕಾರ್ಖಾನೆಯ ನಿರ್ಧಾರ ಹೊರಬಿತ್ತು. ಇದನ್ನು ನಾನು ಬರೀ ಎಚ್ಚರಿಕೆ ಅನ್ನಲ್ಲ, ಧೈರ್ಯ ಅಂತಲೂ ಅಂತೀನಿ. ಯಾಕಂದ್ರೆ ಆಗಿನ್ನೂ ಯಾರೂ ಅವರನ್ನು ಬಲವಂತ ಮಾಡಿರಲಿಲ್ಲ.

ಬಲವಂತ ಬಂದದ್ದು 1981ರಲ್ಲಿ. ಅಮೆರಿಕದ ಒತ್ತಡಕ್ಕೆ ಜಪಾನ್ ತನ್ನ ಕಾರು ರಫ್ತಿಗೆ ವರ್ಷಕ್ಕೆ 16.8 ಲಕ್ಷದ ಮಿತಿ ಹಾಕಿಕೊಂಡಿತು. ಅಷ್ಟೊತ್ತಿಗಾಗಲೇ ಹೋಂಡಾದ ಗೋಡೆಗಳು ಮೇಲೇಳ್ತಿದ್ದವು. 1982ರ ನವೆಂಬರ್ 1ರಂದು ಮೊದಲ ಅಕಾರ್ಡ್ ಅಲ್ಲಿಂದ ಹೊರಬಂತು.