ಕೆಂಪು ಗೆರೆ ಎಳೆದದ್ದು ಎಂಜಿನ್ ಅಲ್ಲ

ಚಿಕ್ಕಪ್ಪನ ಮಗಳು ಮೈಸೂರಿನಲ್ಲಿ ಪೈಲಟ್ ತರಬೇತಿಗೆ ಸೇರಿದಾಗ, ಹುಣಸೂರಲ್ಲಿ ಹೊಗೆಸೊಪ್ಪು ಬೆಳೆಯೋ ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಜೋರಾಗಿ ಓಡಿಸ್ಬೇಡ ಕಣವ್ವ." ಅವಳು ನಕ್ಕು, "ಜೋರಿಗೆ ಅಲ್ಲೇ ಕೆಂಪು ಗೆರೆ ಹಾಕವ್ರೆ ಅಪ್ಪಾ" ಅಂದ್ಲು. ಆ ಗೆರೆಯ ಕಥೆ ಹುಡುಕಿದೆ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದಿಂದಲೇ ಶುರು.

ತರಬೇತಿಗೆ ಬಳಸುವ ಸೆಸ್ನಾ 172ಎಸ್ ವಿಮಾನದ ಪ್ರೊಪೆಲ್ಲರ್ ತುದಿಯಿಂದ ತುದಿಗೆ 76 ಇಂಚು. ಮಿತಿ ನಿಮಿಷಕ್ಕೆ 2,700 ಸುತ್ತು. ಆಗ ಅಲಗಿನ ತುದಿ ಸೆಕೆಂಡಿಗೆ ಸುಮಾರು 273 ಮೀಟರ್ ಓಡುತ್ತೆ. ಶಬ್ದದ ವೇಗ ಸುಮಾರು 340. ಅದರ ಹತ್ತಿರ ಹೋದರೆ ಏನಾಗುತ್ತೆ? 1918ರ ಸುಮಾರಿಗೆ ಅಮೆರಿಕದ ಮೆಕುಕ್ ಫೀಲ್ಡ್‌ನಲ್ಲಿ ಕಾಲ್ಡ್‌ವೆಲ್ ಮತ್ತು ಫೇಲ್ಸ್ ಗಾಳಿಸುರಂಗದಲ್ಲಿ ಇದನ್ನ ಪರೀಕ್ಷಿಸಿದರು. ವೇಗ ಒಂದು ಹಂತ ದಾಟಿದ ಮೇಲೆ ಅಲಗಿನ ಎತ್ತುವ ಬಲ ಕುಸಿದು, ಗಾಳಿಯ ತಡೆ ಏರಿತು. ಅಂದ್ರೆ ಖರ್ಚು ಜಾಸ್ತಿ, ಲಾಭ ಕಮ್ಮಿ.

ಈಗ ನಮ್ಮ ಬೆಂಗಳೂರಿಗೆ ಬನ್ನಿ. 1958ರಲ್ಲಿ ಎಚ್‌ಎಎಲ್‌ನ ಪುಷ್ಪಕ್ ಹಾರಿತು. ಅದರ ಕಾಂಟಿನೆಂಟಲ್ ಎಂಜಿನ್ ಗಾತ್ರ 3.3 ಲೀಟರ್, ಶಕ್ತಿ 2,475 ಸುತ್ತಿನಲ್ಲಿ 90 ಎಚ್‌ಪಿ. ಪ್ರೊಪೆಲ್ಲರ್ ನೇರವಾಗಿ ಕ್ರ್ಯಾಂಕ್‌ಶಾಫ್ಟ್‌ಗೇ ಜೋಡಣೆ. ಹಾಗಾಗಿ ಎಂಜಿನ್ನೂ ಅಷ್ಟೇ ನಿಧಾನ.

ಎನ್‌ಎಎಲ್‌ನ ಹಂಸ-3ಕ್ಕೆ ಡಿಜಿಸಿಎ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ಅದರ ರೋಟಾಕ್ಸ್ 914 ಎಂಜಿನ್ ಬರೀ 1.2 ಲೀಟರ್. ಟರ್ಬೊ ಇದೆ, 5,800 ಸುತ್ತು ತಿರುಗಿ 115 ಎಚ್‌ಪಿ ಕೊಡುತ್ತೆ. ಆದರೆ ನಡುವೆ 2.43ರ ಗೇರ್ ಇದೆ. ಭಾಗಿಸಿ ನೋಡಿ, ಪ್ರೊಪೆಲ್ಲರ್ ತಿರುಗೋದು ಸುಮಾರು 2,387 ಸುತ್ತು. ನಲವತ್ತು ವರ್ಷದಲ್ಲಿ ಎಂಜಿನ್ ಪೂರಾ ಬದಲಾಯ್ತು, ಪ್ರೊಪೆಲ್ಲರ್ ಹೆಚ್ಚುಕಮ್ಮಿ ಅಲ್ಲೇ ನಿಂತಿತ್ತು.

ಇದು ಬರೀ ಇಂಧನದ ಲೆಕ್ಕ ಅಲ್ಲ. ಸುತ್ತು ಶೇ. 10 ಹೆಚ್ಚಾದರೆ ಅಲಗನ್ನು ಹೊರಕ್ಕೆ ಕೀಳುವ ಬಲ ಶೇ. 21 ಹೆಚ್ಚುತ್ತೆ. ಅಲಗಿನ ತುಂಡು ಕಿತ್ತುಹೋದರೆ ಆ ನಡುಕಕ್ಕೆ ಎಂಜಿನ್ನೇ ಕಳಚಬಹುದು. ಅಲಗಿನ ಕೋನ ಬದಲಾಗದ ಸೆಸ್ನಾದಂಥ ವಿಮಾನ ಮೂಗು ತಗ್ಗಿಸಿ ಇಳಿಯುವಾಗ ಗಾಳಿಯೇ ಪ್ರೊಪೆಲ್ಲರನ್ನು ತಿರುಗಿಸಿ ಗೆರೆ ದಾಟಿಸಬಹುದು. ಆಗ ಕಲಿಯುವವರ ಕೈ ತಾನಾಗಿ ಥ್ರಾಟಲ್ ಹಿಂದಕ್ಕೆ ಎಳೀಬೇಕು.

ಇದನ್ನೆಲ್ಲ ಹೇಳಿದ ಮೇಲೆ ಚಿಕ್ಕಪ್ಪ ಕೇಳಿದ್ರು: "ಹಂಗಾರೆ ನಾನ್ ಹೇಳಿದ್ದು ಸರೀನೇ ಅಲ್ವಾ?"

ಸರೀನೇ ಚಿಕ್ಕಪ್ಪ.