ಗ್ರಂಥಾಲಯದಲ್ಲಿ ಮೊಳಗಿದ ಡ್ರಮ್ಸ್



‘ನಿಶ್ಶಬ್ದವಾಗಿರಿ’ ಎಂಬ ಫಲಕವನ್ನು ಗ್ರಂಥಾಲಯದ ಗೋಡೆಯ ಮೇಲೆ ನೀವೆಲ್ಲ ನೋಡಿದ್ದೀರಿ. ಆದರೆ 2021ರ ಮೇ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸಾರ್ವಜನಿಕ ಗ್ರಂಥಾಲಯದ ಒಂದು ಶಾಖೆಯಲ್ಲಿ, ಪುಸ್ತಕದ ಕಪಾಟುಗಳ ನಡುವೆಯೇ ನಾಲ್ವರು ಹುಡುಗಿಯರು ಗಿಟಾರ್, ಡ್ರಮ್ಸ್ ನುಡಿಸುತ್ತಾ ಕೂಗಿ ಹಾಡಿದರು. ಅವರನ್ನು ಕರೆಸಿ ಹಾಡಿಸಿದ್ದು ಗ್ರಂಥಾಲಯವೇ! ತಂಡದ ಹೆಸರು ‘ದಿ ಲಿಂಡಾ ಲಿಂಡಾಸ್’. ಡ್ರಮ್ಸ್ ನುಡಿಸಿದ ಮೀಲಾ ಡಿ ಲಾ ಗಾರ್ಸಾಗೆ ಆಗ ಕೇವಲ 10 ವರ್ಷ. ಎಲ್ಲರಿಗಿಂತ ಹಿರಿಯಳಾದ ಬೇಲಾ ಸಲಜಾರ್‌ಗೆ 16. ಉಳಿದಿಬ್ಬರು ಮೀಲಾಳ ಅಕ್ಕ ಲೂಸಿಯಾ ಮತ್ತು ಬಂಧು ಎಲೋಯ್ಸ್ ವಾಂಗ್.

ಆ ಕೂಗಿಗೆ ಕಾರಣವಿತ್ತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚುವ ಸ್ವಲ್ಪ ಮುಂಚೆ ಮೀಲಾಳ ಸಹಪಾಠಿಯೊಬ್ಬ, ಚೀನೀಯರಿಂದ ದೂರವಿರುವಂತೆ ತನ್ನ ತಂದೆ ಹೇಳಿದ್ದಾರೆ ಎಂದ. ತಾನೂ ಚೀನೀ ಮೂಲದವಳೇ ಎಂದಳು ಮೀಲಾ. ಹುಡುಗ ಹಿಂದೆ ಸರಿದ. ಆ ಅವಮಾನವನ್ನು ಅವಳು ನುಂಗಿಕೊಳ್ಳಲಿಲ್ಲ. ಎಲೋಯ್ಸ್ ಜೊತೆ ಕುಳಿತು ‘ರೇಸಿಸ್ಟ್, ಸೆಕ್ಸಿಸ್ಟ್ ಬಾಯ್’ ಎಂಬ ಹಾಡು ಕಟ್ಟಿದಳು.

ಈ ಹಾಡಿನ ಬಗೆಗೆ ‘ಪಂಕ್’ ಎಂದು ಹೆಸರು. 1970ರ ದಶಕದ ನಡುಭಾಗದಲ್ಲಿ ನ್ಯೂಯಾರ್ಕ್, ಲಂಡನ್ ನಗರಗಳಲ್ಲಿ ಬೆಳೆದ ಈ ಸಂಗೀತಕ್ಕೆ ವರ್ಷಗಟ್ಟಲೆ ಶಿಕ್ಷಣ ಬೇಕಿರಲಿಲ್ಲ. ಏಕೆ? ಇಲ್ಲಿ ಸ್ವಲ್ಪ ಭೌತಶಾಸ್ತ್ರ ನೋಡೋಣ. ತಂಬೂರಿಯಲ್ಲಿ ಷಡ್ಜ, ಪಂಚಮಗಳನ್ನು ಕೇಳಿದ್ದೀರಲ್ಲವೇ? ಅವುಗಳ ಆವೃತ್ತಿಯ ಅನುಪಾತ 2:3. ಪಂಕ್ ಗಿಟಾರಿನ ‘ಪವರ್ ಕಾರ್ಡ್’ನಲ್ಲಿರುವುದೂ ಬಹುಮಟ್ಟಿಗೆ ಇದೇ ಜೋಡಿ. ಆಂಪ್ಲಿಫೈಯರ್‌ನಲ್ಲಿ ಧ್ವನಿಯನ್ನು ಬೇಕೆಂದೇ ಒರಟಾಗಿಸಿದಾಗ ಹೊಸ ಆವೃತ್ತಿಗಳು ಹುಟ್ಟುತ್ತವೆ. 200 ಮತ್ತು 300 ಹರ್ಟ್ಸ್‌ಗಳ ವ್ಯತ್ಯಾಸ 100, ಮೊತ್ತ 500. ಎಲ್ಲವೂ 100ರ ಗುಣಕಗಳೇ ಆದ್ದರಿಂದ ಕಿವಿಗೆ ಗೊಂದಲವಾಗದೆ ಒಂದೇ ಗಟ್ಟಿ ನಾದವಾಗಿ ಕೇಳುತ್ತದೆ. ಬೆರಳಿನ ಅದೇ ಹಿಡಿತವನ್ನು ತಂತಿಯುದ್ದಕ್ಕೂ ಜಾರಿಸಿದರೆ ಬೇರೆ ಬೇರೆ ಕಾರ್ಡ್ ಸಿಗುತ್ತವೆ. ಹೊಸಬರೂ ಬೇಗ ಹಾಡು ಕಟ್ಟಬಹುದು. ಇದಕ್ಕೆ ಬಾಯಿಗೆ ಹತ್ತುವ ಧಾಟಿ ಸೇರಿದಾಗ ‘ಪಾಪ್ ಪಂಕ್’ ಆಯಿತು.

ಹೀಗೆ ಬಾಗಿಲು ತೆರೆದಿದ್ದರೂ ವೇದಿಕೆಯ ಮುಂದೆ ನೂಕುನುಗ್ಗಲು ಹುಡುಗರದೇ. ಹುಡುಗಿಯರು ಹಿಂದಿನ ಗೋಡೆಗೆ ಒರಗಿ ನಿಲ್ಲಬೇಕಿತ್ತು. 1990ರಲ್ಲಿ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಹುಟ್ಟಿದ ‘ಬಿಕಿನಿ ಕಿಲ್’ ತಂಡದ ಗಾಯಕಿ ಕ್ಯಾಥ್ಲೀನ್ ಹ್ಯಾನಾ, ಹುಡುಗಿಯರು ಮುಂದೆ ಬರಲಿ ಎಂದು ವೇದಿಕೆಯಿಂದಲೇ ಕರೆಯತೊಡಗಿದರು. ತಾವೇ ಬರೆದು ಜೆರಾಕ್ಸ್ ಮಾಡಿದ ಕಿರುಪತ್ರಿಕೆಗಳು ಕೈಯಿಂದ ಕೈಗೆ ಹೋದವು. ಇದೇ ‘ರಯಟ್ ಗರ್ಲ್’ ಚಳವಳಿ. 2019ರಲ್ಲಿ ಬಿಕಿನಿ ಕಿಲ್ ಮತ್ತೆ ಒಂದುಗೂಡಿದಾಗ, ಹಾಲಿವುಡ್‌ನ ಪಲೇಡಿಯಂ ರಂಗಮಂದಿರದಲ್ಲಿ ಅವರಿಗಿಂತ ಮೊದಲು ಹಾಡಿದ್ದು ಯಾರು ಗೊತ್ತೇ? ಅದಕ್ಕೆ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ಲಿಂಡಾ ಲಿಂಡಾಸ್!

ಗ್ರಂಥಾಲಯದ ದೃಶ್ಯ ಅಂತರ್ಜಾಲದಲ್ಲಿ ಲಕ್ಷಾಂತರ ಜನರನ್ನು ತಲುಪಿತು. ಕ್ಯಾಮೆರಾದ ಹಿಂದೆ ಬಹಳ ವರ್ಷ ನಿಂತವರಿಗೆ ಒಂದು ಮಾತು ಗೊತ್ತಿರುತ್ತದೆ: ಕ್ಯಾಮೆರಾ ಒಂದು ಗಳಿಗೆಯ ಖ್ಯಾತಿ ಕೊಟ್ಟೀತು, ಕೈಗೆ ಸಾಧನೆ ಕೊಡಲಾರದು. ಈ ಮಕ್ಕಳೂ ಒಂದೇ ಹಾಡಿನ ಕುತೂಹಲವಾಗಿ ಉಳಿದುಬಿಡಬಹುದಿತ್ತು. ಹಾಗಾಗಲಿಲ್ಲ. 2022ರಲ್ಲಿ ಮೊದಲ ಆಲ್ಬಂ ‘ಗ್ರೋಯಿಂಗ್ ಅಪ್’ ಬಂತು. ಅದರಲ್ಲಿ ಕೋಪದ ಜೊತೆಗೆ ಸ್ನೇಹವೂ ಇತ್ತು, ಬೆಕ್ಕಿನ ಮೇಲೊಂದು ಹಾಡೂ ಇತ್ತು, ಬೇಲಾಳ ಸ್ಪ್ಯಾನಿಷ್ ಹಾಡೂ ಇತ್ತು.

2024ರ ಅಕ್ಟೋಬರಿನಲ್ಲಿ ಎರಡನೆಯದು ಬಂತು: ‘ನೋ ಆಬ್ಲಿಗೇಷನ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಯಾರ ಹಂಗೂ ಇಲ್ಲ’. ಹುಡುಗಿ ಹೀಗೇ ಇರಬೇಕೆನ್ನುವವರಿಗೆ ಕೊಟ್ಟ ಉತ್ತರ ಅದು. ಮೊದಲ ಸಿಟ್ಟಿಗೆ ಕಾರಣ ಒಬ್ಬ ಹುಡುಗ. ಈಗ ಪ್ರಶ್ನೆ ಇಡೀ ಸಮಾಜಕ್ಕೆ. ಸಂಗೀತವೂ ಹಿಗ್ಗಿದೆ. ಬೇಲಾಳ ಮತ್ತೊಂದು ಸ್ಪ್ಯಾನಿಷ್ ಹಾಡಿಗೆ ಹೆಸರಾಂತ ಹಾಸ್ಯಗಾಯಕ ‘ವಿಯರ್ಡ್ ಆಲ್’ ಯಾಂಕೊವಿಕ್ ಅಕಾರ್ಡಿಯನ್ ನುಡಿಸಿದ್ದಾರೆ. ನಾಲ್ವರೂ ಹಾಡುತ್ತಾರೆ, ನಾಲ್ವರೂ ಬರೆಯುತ್ತಾರೆ. ಒಬ್ಬಳು ಮುಂದೆ, ಮೂವರು ಹಿಂದೆ ಎಂಬ ಏರ್ಪಾಡು ಇಲ್ಲಿಲ್ಲ. ಇಷ್ಟನ್ನೂ ಸಾಧಿಸಿದ್ದು ಶಾಲೆಯ ಪಾಠಗಳ ನಡುವೆ ಬಿಡುವು ಮಾಡಿಕೊಂಡೇ ಎಂಬುದನ್ನು ಗಮನಿಸಿ.

ಇನ್ನು ನಮ್ಮ ಕಡೆಗೆ ನೋಡೋಣ. ಸ್ಟುಡಿಯೋಗೆ ಬರುವ ವಿದ್ಯಾರ್ಥಿ ತಂಡಗಳಲ್ಲಿ ಹಾಡುವ ಹುಡುಗಿಯರನ್ನು ಬೇಕಾದಷ್ಟು ಕಂಡಿದ್ದೇನೆ. ಡ್ರಮ್ಸ್ ಮುಂದೆ ಕುಳಿತವರು ಬೆರಳೆಣಿಕೆಯಷ್ಟು. ಯಾರೂ ಬೇಡವೆಂದು ತಡೆದದ್ದನ್ನು ನಾನು ನೋಡಿಲ್ಲ. ಆದರೆ ‘ಬಾ, ಕೂತ್ಕೋ’ ಎಂದು ಕರೆದದ್ದನ್ನೂ ಕೇಳಿಲ್ಲ. ನಿಮ್ಮ ಕಾಲೇಜಿನ ಮುಂದಿನ ವಾರ್ಷಿಕೋತ್ಸವದಲ್ಲಿ ಯಾವ ವಾದ್ಯ ಯಾರ ಕೈಗೆ ಹೋಗುತ್ತದೆ, ಸುಮ್ಮನೆ ಗಮನಿಸಿ. ಹುಡುಗರೇ, ಕರೆಯುವವರು ನೀವಾಗಿ. ಹುಡುಗಿಯರೇ, ಡ್ರಮ್ಸ್ ಮುಂದಿನ ಸ್ಟೂಲು ಖಾಲಿ ಇದ್ದರೆ, ಕರೆಯುವವರೆಗೂ ಕಾಯಬೇಡಿ. ಹೋಗಿ ಕುಳಿತುಬಿಡಿ!