ಬರೀ ಚೆಂಡು ವಾಪಸ್ ಕಳಿಸುವವರನ್ನು ಜೋರು ಹೊಡೆತದಿಂದ ಸೋಲಿಸಬಹುದೇ?

ನಂಬಿಕೆ: ಟೆನಿಸ್‌ನಲ್ಲಿ ಎದುರಾಳಿ ತಪ್ಪೇ ಮಾಡದೆ ಚೆಂಡು ವಾಪಸ್ ಕಳಿಸುತ್ತಿದ್ದರೆ ಇನ್ನಷ್ಟು ಜೋರಾಗಿ ಹೊಡೆಯಬೇಕು.

ನಿಜ: ಅವರು ಕಾಯುವುದೇ ಅದಕ್ಕೆ. ನಾವು ಸೋಲುವುದು ಹೆಚ್ಚಾಗಿ ಅವರ ಹೊಡೆತದಿಂದಲ್ಲ, ನಮ್ಮ ಅವಸರದಿಂದ.

ಏನು ಮಾಡಬೇಕು? ಮೂಲೆಯಿಂದ ಮೂಲೆಗೆ ಆಡಿ. ನೆಟ್ ಕಂಬದ ಬಳಿ 3.5 ಅಡಿ ಎತ್ತರ, ನಡುವೆ 3 ಅಡಿ ಮಾತ್ರ. ಕೋರ್ಟ್ ನೇರಕ್ಕೆ 78 ಅಡಿ, ಮೂಲೆಯಿಂದ ಮೂಲೆಗೆ 82 ಅಡಿಗೂ ಹೆಚ್ಚು. ಹೀಗಾಗಿ ತಪ್ಪು ಕಡಿಮೆ. ಆಮೇಲೆ ಚೆಂಡನ್ನು ಮೆಲ್ಲಗೆ ನೆಟ್ ಹತ್ತಿರ ಹಾಕಿ ಅವರನ್ನು ಮುಂದಕ್ಕೆ ಎಳೆಯಿರಿ. ಹಿಂದೆ ಜಾಗ ಖಾಲಿಯಾಗುತ್ತದೆ.

ಬ್ಯಾಡ್ಮಿಂಟನ್‌ನಲ್ಲೂ ಇದೇ ಪಾಠ. ಮಲ್ಲೇಶ್ವರದ ಕೆನರಾ ಯೂನಿಯನ್‌ನಲ್ಲಿ ಆಡಿ ಬೆಳೆದ ಪ್ರಕಾಶ್ ಪಡುಕೋಣೆ, 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಸ್ಮ್ಯಾಷ್‌ಗೆ ಹೆಸರಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಅವರ ಬಲ ಹೊಡೆತದ ಜೋರಿನಲ್ಲಿರಲಿಲ್ಲ, ಹಿಡಿತದಲ್ಲಿತ್ತು.